ಗುಂಡಿಯವರ ತೋಟ

ನಮ್ಮ ಹೆಸರು ಬೇಡ ಅಂದರು. ನಮ್ಮ ಕಾಯಿ ಬೇಕು. ನಮ್ಮ ಜಮೀನು ಬೇಕು. ನಮ್ಮ ಬೆನ್ನು ಬೇಕು. ಹೆಸರು ಮಾತ್ರ ಬೇಡ. ಇದನ್ನು ಹೇಳಿದವನು ಬೈದು ಹೇಳಲಿಲ್ಲ. ನಗುತ್ತಾ ಹೇಳಿದ, ಟೀ ತರಿಸಿಕೊಟ್ಟು ಹೇಳಿದ. ಅವನ ಟೀ ಪಿಂಗಾಣಿ ಕಪ್ಪಿನಲ್ಲಿ ಬಂತು. ನಮ್ಮದು ಕಾಗದದ ಲೋಟದಲ್ಲಿ, ಕುಡಿದು ಎಸೆಯುವಂಥದ್ದು.

ಅವನು ಕಾಗದಪತ್ರ ಮಾಡಿಸಿಕೊಡುವವನು. ಯಾರಿಗೆ ಲೈಸೆನ್ಸ್ ಬೇಕೋ, ಪಾಲುದಾರಿಕೆ ಪತ್ರ ಬೇಕೋ, ತೆರಿಗೆ ನಂಬರು ಬೇಕೋ, ಅವರೆಲ್ಲ ಅವನ ಮೆಟ್ಟಿಲು ಹತ್ತಬೇಕು. ಔಷಧಿ ಅಂಗಡಿಯ ಮೇಲೆ ಅವನ ಆಫೀಸು. ಗಾಜಿನ ಮೇಜು, ಅದರ ಕೆಳಗೆ ಹಳೇ ಕ್ಯಾಲೆಂಡರಿನಿಂದ ಕತ್ತರಿಸಿದ ಸಮುದ್ರದ ಚಿತ್ರ, ಅವನ ಕುರ್ಚಿಯ ಬೆನ್ನಿಗೆ ಬಿಳಿ ಟವೆಲ್ಲು. ನಮ್ಮ ಮನೆಯಲ್ಲಿ ಅವನನ್ನು ಫೈಲಪ್ಪ ಅನ್ನುತ್ತೇವೆ. ಅವ್ವ ಇಟ್ಟ ಹೆಸರು.

ನಾವು ಯಾರು ಅಂತಲೂ ಹೇಳಿಬಿಡುತ್ತೇನೆ. ಊರಿನ ಕಕ್ಕಸು ಗುಂಡಿಗಳು ತುಂಬಿದರೆ ಇಳಿದು ಬಳಿಯುತ್ತಿದ್ದವರು ನಾವು. ತಾತ ಬಳಿದ. ಅಪ್ಪ ಬಳಿದ. ಊರಿಗೆ ನಾವು ಗುಂಡಿಯವರು. ನಮಗೆ ಬೇರೆ ಹೆಸರಿದೆ ಅನ್ನುವುದು ನಮ್ಮ ನೆಂಟರಿಗೇ ಮರೆತುಹೋಗಿದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಸ್ಕೂಲಿನ ಮೂತ್ರದ ಪೈಪು ಕಟ್ಟಿಕೊಂಡಿತು. ಮೇಷ್ಟ್ರು ಯಾರನ್ನೂ ಕೇಳಲಿಲ್ಲ. ಸುಮ್ಮನೆ ನನ್ನ ಕಡೆ ನೋಡಿದರು. ನಾನು ಹೋಗಿ ಕೈ ಹಾಕಿ ತೆಗೆದೆ. ತೊಳೆದುಕೊಂಡು ಹಾಗೇ ಮನೆಗೆ ಬಂದೆ. ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಅಕ್ಕ ಹಟ ಹಿಡಿದು ಹತ್ತರವರೆಗೆ ಓದಿದಳು. ಹುಡುಗಿ ಅಂತ ಅವಳನ್ನು ಪೈಪಿಗೆ ಕರೆಯಲಿಲ್ಲ. ಪಕ್ಕಕ್ಕೂ ಯಾರೂ ಕರೆಯಲಿಲ್ಲ. ಕಡೇ ಬೆಂಚಿನಲ್ಲಿ ಒಬ್ಬಳೇ ಕೂತು ಓದಿದಳು.

ಜಮೀನು ಊರ ಹೊರಗಿದೆ. ಒಡೆದ ಗಾಜು, ಇಟ್ಟಿಗೆ ಚೂರು, ಕಲ್ಲು ತಂದು ಸುರಿಯುತ್ತಿದ್ದ ಜಾಗ. ಯಾರಿಗೂ ಬೇಡವಾಗಿತ್ತು, ಅದಕ್ಕೇ ತಾತನಿಗೆ ಕೊಟ್ಟರು. ಉಳುವ ಮಾತೇ ಇಲ್ಲ, ನೇಗಿಲು ಮುರಿಯುತ್ತದೆ. ಆದರೆ ಗುಂಡಿ ತೋಡುವುದು ನಮಗೆ ಗೊತ್ತಲ್ಲ. ತಾತ ದುಂಡಗೆ ಗುಂಡಿ ತೋಡಿದ. ಕಲ್ಲು ಆರಿಸಿ ಹೊರಗೆ ಹಾಕಿದ. ತಳಕ್ಕೆ ಒಣಗಿದ ಎಲೆ, ಮೇಲೆ ಸಗಣಿ, ಬೂದಿ, ಸಂತೆಯಲ್ಲಿ ಕೊಳೆತು ಬಿಟ್ಟುಹೋದ ತರಕಾರಿ, ಅದರ ಮೇಲೆ ಕಾಲುವೆಯ ಹೂಳು. ತುಂಬಿ, ಕೊಳೆಯಲು ಬಿಟ್ಟು, ಆಮೇಲೆ ಬೀಜ ಊರಿದ. ಕುಂಬಳ ಹಬ್ಬಿತು. ಅಲ್ಲಿಂದ ಇವತ್ತಿನವರೆಗೆ ನಮ್ಮ ಬೇಸಾಯ ಅಂದರೆ ಗುಂಡಿಯೇ. ಅಳತೆಯೂ ನಮ್ಮ ಮೈಯದ್ದೇ. ಸೌತೆಗೆ ಮೊಣಕಾಲು ಗುಂಡಿ, ಸೋರೆಗೆ ಸೊಂಟದ ಗುಂಡಿ, ಕುಂಬಳಕ್ಕೆ ಎದೆಮಟ್ಟ.

ಗುಂಡಿ ತೋಡುವುದು ಅಂದರೆ ಏನು ಅಂತ ನೀವು ತಿಳಿಯಬೇಕಾದರೆ ಅಪ್ಪನ ಬೆರಳು ನೋಡಬೇಕು. ಎರಡಕ್ಕೆ ಉಗುರಿಲ್ಲ. ಗಾಜು ಒಳಗೆ ಕೂತು, ಕೀವಾಗಿ, ಉದುರಿಹೋಗಿವೆ. ನನ್ನ ಅಂಗೈ ಬಿಚ್ಚಿದರೆ ಗೆರೆ ಯಾವುದು, ಕೊಯ್ದದ್ದು ಯಾವುದು ಅಂತ ಗೊತ್ತಾಗುವುದಿಲ್ಲ. ಹೂಳು ತರುವವಳು ಅವ್ವ. ಬುಟ್ಟಿಯಿಂದ ನೀರು ಸೋರಿ ಕಣ್ಣಿಗೆ, ಬಾಯಿಗೆ ಇಳಿಯುತ್ತದೆ. ಒರೆಸಿಕೊಳ್ಳಲು ಕೈ ಬಿಡುವ ಹಾಗಿಲ್ಲ. ಅವಳ ನೆತ್ತಿಯಲ್ಲಿ ಅಂಗೈಯಗಲ ಕೂದಲಿಲ್ಲ. ಕತ್ತು ಎಡಕ್ಕೆ ತಿರುಗುವುದಿಲ್ಲ. ಎಡಗಡೆಯಿಂದ ಯಾರಾದರೂ ಕೂಗಿದರೆ ಇಡೀ ಮೈ ತಿರುಗಿಸಿ ನೋಡುತ್ತಾಳೆ. ತಾತ ಸಾಯುವ ಮುಂಚೆ ಜಮೀನನ್ನು ಮಗ, ಸೊಸೆ ಇಬ್ಬರ ಹೆಸರಿಗೂ ಬರೆಸಿದ. ಅದು ನನ್ನ ಸೊಸೆ ಹೊತ್ತ ಮಣ್ಣು ಅಂದನಂತೆ.

ಇಷ್ಟಾದರೂ ನಮ್ಮ ಕಾಯಿ ನಮ್ಮದು ಅಂತ ಮಾರಾಟವಾಗುತ್ತಿರಲಿಲ್ಲ. ದಲ್ಲಾಳಿ ಬಂದು ತುಂಬಿಕೊಂಡು ಹೋಗಿ, ಯಾವುದೋ ಊರಿನ ಕಾಯಿ ಅಂತ ಮಾರುತ್ತಿದ್ದ. ಕೊಟ್ಟಷ್ಟು ಇಸಕೊಳ್ಳಬೇಕು. ಒಂದೇ ಒಂದು ಸಲ ಅಪ್ಪ ತಾನೇ ಗಾಡಿ ತಳ್ಳಿಕೊಂಡು ಮಾರಲು ಹೋಗಿದ್ದ. ಒಬ್ಬ ಹೆಂಗಸು ಎಳೇ ಸೋರೆ ಆರಿಸಿ, ಉಗುರಿಂದ ಚಿವುಟಿ ನೋಡಿ, ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಅಪ್ಪನ ಮುಖ ನೋಡಿದಳು. ಗುರುತು ಸಿಕ್ಕಿತು. ಚೆನ್ನಾಗಿದ್ದೀಯಾ, ಮಕ್ಕಳೆಲ್ಲ ಏನ್ಮಾಡ್ತಿದ್ದಾರೆ ಅಂತ ಕೇಳಿದಳು. ಕೇಳುತ್ತಲೇ ಕಾಯನ್ನು ಚೀಲದಿಂದ ತೆಗೆದು ಗಾಡಿಯ ಮೇಲೆ ಮೆಲ್ಲಗೆ ಇಟ್ಟಳು. ಮಗುವನ್ನು ಮಲಗಿಸುವ ಹಾಗೆ ಇಟ್ಟಳು. ಬೈದಿದ್ದರೆ ಅಪ್ಪ ತಡೆದುಕೊಳ್ಳುತ್ತಿದ್ದ. ಆ ಮೆಲ್ಲಗೆ ಇಟ್ಟದ್ದನ್ನು ತಡೆದುಕೊಳ್ಳಲು ಆಗಲಿಲ್ಲ. ಗಾಡಿ ಮತ್ತೆ ಹೊರಡಲಿಲ್ಲ.

ಹೀಗಿರುವಾಗ ಊರಿಗೆ ಗಾಜಿನ ಬಾಗಿಲಿನ ದೊಡ್ಡ ಅಂಗಡಿ ಬಂತು. ಅದರ ಮ್ಯಾನೇಜರು ದಲ್ಲಾಳಿಯ ಹತ್ತಿರ ನಮ್ಮ ಸೋರೆ ನೋಡಿ, ಮೂಲ ಹುಡುಕಿಕೊಂಡು ನಮ್ಮ ತನಕ ಬಂದ. ಎಷ್ಟು ಬೆಳೆದರೂ ತಗೊಳ್ಳುತ್ತೇವೆ ಅಂದ. ಆದರೆ ವ್ಯಕ್ತಿಗಳ ಹತ್ತಿರ ತಗೊಳ್ಳುವ ಹಾಗಿಲ್ಲ, ಸಂಸ್ಥೆ ಆಗಬೇಕು. ಪಾಲುದಾರಿಕೆ ನೋಂದಣಿ ಆಗಬೇಕು, ಸಂಸ್ಥೆಯ ಹೆಸರಲ್ಲಿ ಬ್ಯಾಂಕ್ ಖಾತೆ, ತೆರಿಗೆ ನಂಬರು, ಪ್ಯಾಕಿಂಗ್ ಲೈಸೆನ್ಸ್ ಎಲ್ಲ ಬೇಕು. ಅಕ್ಕ ಅದನ್ನೆಲ್ಲ ಓದಿ ಹೇಳಿದಳು.

"ಸೋರೆಕಾಯಿಗೂ ಹುಟ್ಟಿದ ಸರ್ಟಿಫಿಕೇಟ್ ಬೇಕಾ?" ಅಂದಳು ಅವ್ವ. "ನಂಗೇ ಇಲ್ವಲ್ಲೇ."

ನಕ್ಕೆವು. ಅವತ್ತು ನಗುವ ಹಾಗಿತ್ತು. ಮಾಲೀಕರು ಅಂತ ನಮ್ಮ ನಾಲ್ಕು ಜನರ ಹೆಸರು ಎಲ್ಲೋ ಒಂದು ಕಡೆ ಮುದ್ರೆ ಬಿದ್ದು ಕೂರುತ್ತದೆ ಅಂತ ನನಗೆ ಒಳಗೊಳಗೇ ಹಿಗ್ಗಿತ್ತು. ಹೇಳಿಕೊಳ್ಳಲಿಲ್ಲ.

ಜಾಗ ನೋಡಬೇಕು ಅಂತ ಮ್ಯಾನೇಜರೂ ಫೈಲಪ್ಪನೂ ಕಾರಲ್ಲಿ ಬಂದರು. ಮ್ಯಾನೇಜರು ನನ್ನ ವಯಸ್ಸಿನವನೇ. ಬೂಟಿಗೆ ಮಣ್ಣಾಗದ ಹಾಗೆ ಕಾಲು ಎತ್ತೆತ್ತಿ ಇಡುತ್ತಿದ್ದ. ಅಪ್ಪ ಹೊಸದಾಗಿ ತೋಡಿದ ಗುಂಡಿಯ ಪಕ್ಕ ನಿಂತಿದ್ದ. ಅವರು ಹತ್ತಿರ ಬಂದದ್ದೇ ತಡ, ಗುಂಡಿಗೆ ಇಳಿದುಬಿಟ್ಟ. ಯಾರೂ ಹೇಳಲಿಲ್ಲ. ಒಳಗೆ ಕೆಲಸವೂ ಇರಲಿಲ್ಲ. ಇಳಿದು, ತಲೆ ಎತ್ತಿ, ಕೈ ಮುಗಿದು, "ಹೇಳಿ ಸಾರ್" ಅಂದ.

ಜೀವಮಾನವೆಲ್ಲ ದೊಡ್ಡವರ ಜೊತೆ ಅವನು ಮಾತಾಡಿದ್ದು ಹೀಗೇ. ಅವರು ಮೇಲೆ, ಇವನು ಒಳಗೆ. ನೆಲದ ಮೇಲೆ ನಿಂತು ಮುಖಕ್ಕೆ ಮುಖ ಕೊಟ್ಟು ಮಾತಾಡುವ ಅಭ್ಯಾಸವೇ ಇಲ್ಲ. ಮ್ಯಾನೇಜರಿಗೆ ಅದರಲ್ಲಿ ವಿಚಿತ್ರ ಕಾಣಲಿಲ್ಲ. ಅಪ್ಪನ ನೆತ್ತಿಗೆ ಹೇಳುತ್ತಾ ಹೋದ, ಇಂಥ ಗಾತ್ರದ ಕಾಯಿ, ಇಂಥ ಪೆಟ್ಟಿಗೆ, ಇಷ್ಟು ಹೊತ್ತಿಗೆ. ಅಪ್ಪ ಒಳಗಿಂದ ಹೂಂಗುಟ್ಟುತ್ತಿದ್ದ. ಮೇಲೆ ಬಾ ಅಂದೆ. ಕೇಳಿಸಿಕೊಳ್ಳಲಿಲ್ಲ. ತೋಳು ಹಿಡಿದು ಎಳೆದೆ. ಬಂದ. ಬಂದವನು ಮತ್ತೆರಡು ಮಾತಾಗುವಷ್ಟರಲ್ಲಿ ಅವರ ಕಾಲ ಹತ್ತಿರ ಕುಕ್ಕರುಗಾಲಲ್ಲಿ ಕೂತಿದ್ದ. ಆ ಹೊತ್ತು ನನಗೆ ಯಾರ ಮೇಲೆ ಸಿಟ್ಟು ಬಂತು ಅಂತ ಕೇಳಬೇಡಿ. ಎಲ್ಲರ ಮೇಲೂ ಬಂತು.

ಪಾಲುದಾರರು ಯಾರು ಅಂತ ಫೈಲಪ್ಪ ಕೇಳಿದ. ಅಪ್ಪ, ಅವ್ವ, ತಾನು, ನಾನು, ನಾಲ್ಕೂ ಸಮಪಾಲು ಅಂದಳು ಅಕ್ಕ. ಫೈಲಪ್ಪ ಅವಳ ಕಡೆ ನೋಡಿ, ಆಫೀಸಿಗೆ ಬನ್ನಿ, ಕೂತು ಮಾತಾಡೋಣ ಅಂದ.

ಹೋದೆವು. ಅಲ್ಲೇ ಆ ಕಾಗದದ ಲೋಟದ ಟೀ. ಫೈಲಪ್ಪನ ಪಕ್ಕದಲ್ಲಿ ಅವನ ಭಾವಮೈದುನ ಕೂತಿದ್ದ. ಟೈಲ್ಸ್ ಅಂಗಡಿ ಇಟ್ಟವನು, ತಲೆಗೆ ಕಪ್ಪು ಬಳಿದುಕೊಂಡವನು. ಇವನು ಯಾಕಿಲ್ಲಿ ಅಂತ ನಾನು ಯೋಚಿಸುತ್ತಿರುವಾಗಲೇ ಫೈಲಪ್ಪ ಶುರುಮಾಡಿದ.

"ನೋಡಮ್ಮ, ನಂಗೆ ಯಾವ ಭೇದಾನೂ ಇಲ್ಲ. ನಮ್ಮನೆ ಗುಂಡಿ ಬಳಿದಿರೋದೂ ನಿಮ್ಮಪ್ಪಾನೇ. ಆದ್ರೆ ಇದು ತಿನ್ನೋ ವಸ್ತು. ಪ್ಯಾಕೆಟ್ ಮೇಲೆ ನಿಮ್ಮ ಹೆಸರು ನೋಡಿದ್ರೆ ಯಾರು ಬಾಯಿಗಿಡ್ತಾರೆ?"

ಆಮೇಲೆ ದಾರಿಯನ್ನೂ ಅವನೇ ಹೇಳಿದ. ಸಂಸ್ಥೆ ಭಾವಮೈದುನನ ಹೆಸರಲ್ಲಿ. ಹಸಿರು ಸಿರಿ ಅಂತ ಹೆಸರು ಆಗಲೇ ಹುಡುಕಿಟ್ಟಿದ್ದ. ನಮ್ಮ ಜಮೀನನ್ನು ಆ ಸಂಸ್ಥೆಗೆ ಮೂವತ್ತು ವರ್ಷಕ್ಕೆ ಗುತ್ತಿಗೆ ಕೊಡಬೇಕು. ನಾವು ನಾಲ್ಕು ಜನ ಅದರಲ್ಲಿ ಕೂಲಿಗಳು ಅಂತ ಒಪ್ಪಂದ. ಮಾತಿನ ಮಧ್ಯೆ ಭಾವಮೈದುನ ಕೇಳಿದ್ದು ಒಂದೇ ಪ್ರಶ್ನೆ. ವಾಸನೆ ಬರಲ್ಲ ತಾನೆ ಅಂದ.

"ಒಳಗಿಂದೊಳಗೆ ಎಲ್ಲಾ ನಿಮ್ದೇ," ಅಂದ ಫೈಲಪ್ಪ. "ಕಾಗದದಲ್ಲಿ ಮಾತ್ರ ಇವನದ್ದು."

"ಹಾಗಿದ್ರೆ ತಿರುಗಿಸಿ ಬರೀರಿ ಸಾರ್," ಅಂದಳು ಅಕ್ಕ. "ಕಾಗದದಲ್ಲಿ ನಮ್ದು, ಒಳಗಿಂದೊಳಗೆ ಇವರದ್ದು."

ಹುಡುಗಿ ಜೋರಿದ್ದಾಳೆ ಅಂತ ಫೈಲಪ್ಪ ನಕ್ಕ. ಅಪ್ಪನೂ ಜೊತೆಗೆ ನಕ್ಕ. ಅವರು ನಕ್ಕಾಗ ತಾನೂ ನಗಬೇಕು ಅನ್ನುವುದು ಅವನ ರಕ್ತಕ್ಕೆ ಹತ್ತಿದೆ.

ಮನೆಯಲ್ಲಿ ದೊಡ್ಡ ಜಗಳವಾಯಿತು. ಅಪ್ಪ ಒಪ್ಪಿಕೊಳ್ಳೋಣ ಅಂದ. ಅವರು ಹೇಳುವುದರಲ್ಲಿ ಸುಳ್ಳೇನಿದೆ, ಆ ಹೆಂಗಸು ಕಾಯಿ ವಾಪಸ್ ಇಡಲಿಲ್ಲವಾ ಅಂದ. ಕಾಯಿ ಹೋಗಲಿ, ಹೊಟ್ಟೆ ತುಂಬಲಿ, ಹೆಸರು ಕಟ್ಟಿಕೊಂಡು ಏನು ಮಾಡುವುದು. ಅಕ್ಕ ಸಮಾಧಾನದಿಂದಲೇ ಹೇಳಿದಳು. ಗುತ್ತಿಗೆ ಮುಗಿಯುವ ಹೊತ್ತಿಗೆ ತನ್ನ ತಲೆ ಬೆಳ್ಳಗಾಗಿರುತ್ತದೆ. ಕೂಲಿ ಅಂದಮೇಲೆ ನಾಳೆ ಬರಬೇಡಿ ಅಂದರೂ ಕೇಳುವ ಹಾಗಿಲ್ಲ. ನಮ್ಮ ಗುಂಡಿಗೆ ನಾವೇ ಅಪ್ಪಣೆ ಕೇಳಿ ಇಳಿಯಬೇಕು. ನನಗೆ ಅವಳಷ್ಟು ತಾಳ್ಮೆ ಇಲ್ಲ.

"ಸೋರೇನ ಬರ್ಕೊಡೋದಾದ್ರೆ ನಮ್ಮನ್ನೂ ಸೇರಿಸಿ ಬರ್ಕೊಟ್ಬಿಡು," ಅಂದೆ. "ಇವು ನನ್ನ ಮಕ್ಕಳಲ್ಲ, ಟೈಲ್ಸ್‌ನವನ ಮಕ್ಕಳು ಅಂತ."

ಅಪ್ಪ ಕಪಾಳಕ್ಕೆ ಹೊಡೆದ. ನನ್ನ ಮೇಲೆ ಏಳುವ ಕೈ ಅವರ ಮುಂದೆ ಯಾಕೆ ಜೋಡಿಸಿಕೊಳ್ಳುತ್ತದೆ ಅಂದೆ. ಇನ್ನೊಂದು ಬಿತ್ತು. ಅವ್ವ ಮೂಲೆಯಲ್ಲಿ ಬೀಜಕ್ಕೆ ಬೂದಿ ಕಲಸುತ್ತಿದ್ದಳು. ನೀನಾದರೂ ಏನಾದರೂ ಹೇಳು ಅಂದಳು ಅಕ್ಕ. ಸಹಿ ಹಾಕುವ ದಿನಕ್ಕೆ ಸೀರೆ ಒಣಗಿದರೆ ಬರುತ್ತೇನೆ ಅಂದಳು ಅವ್ವ. ಅಷ್ಟೇ.

ಕೊನೆಗೆ ಅಪ್ಪನ ಮಾತೇ ನಡೆಯಿತು. ಕಾಯಿ ಬಲಿಯುತ್ತಿದ್ದವು. ದಲ್ಲಾಳಿಗೆ ಅಂಗಡಿಯ ವಿಷಯ ಗೊತ್ತಾಗಿ ಅವನೂ ಬರುವುದು ಬಿಟ್ಟಿದ್ದ. ಅಕ್ಕನ ಬಾಯಿ ಕಟ್ಟಿತು. ನನ್ನದು ಕಟ್ಟಲಿಲ್ಲ, ಆದರೆ ಯಾರೂ ಕೇಳಲಿಲ್ಲ.

ನೋಂದಣಿ ಕಚೇರಿಯಲ್ಲಿ ಒಂದೇ ಬೆಂಚು. ಅದರಲ್ಲಿ ಭಾವಮೈದುನ ಕಾಲು ಚಾಚಿ ಕೂತಿದ್ದ. ನಾವು ಗೋಡೆಗೆ ನಿಂತೆವು. ಗೋಡೆಯ ಸುಣ್ಣ ಅವ್ವನ ಸೀರೆಗೆ ಹತ್ತಿತು. ಕೂಗಿದಾಗ ಒಳಗೆ ಹೋದೆವು. ಅಧಿಕಾರಿ ಒಬ್ಬ ನಡುವಯಸ್ಸಿನ ಹೆಂಗಸು, ಕನ್ನಡಕ ಮೂಗಿನ ತುದಿಗೆ ಬಂದಿತ್ತು, ದಣಿದಿದ್ದರು. ಗುಮಾಸ್ತ ಪತ್ರವನ್ನು ಓದಿ ಹೇಳಿದ. ಉಸಿರು ತೆಗೆದುಕೊಳ್ಳದೆ ಓದಿದ. ಗುಂಡಿಗಳು, ಬಳ್ಳಿಗಳು, ನೀರಿನ ಹಕ್ಕು, ಮೂವತ್ತು ವರ್ಷ. ಒಂದು ಕಡೆ ಮಾತ್ರ ನನ್ನ ಕಿವಿ ನಿಂತಿತು. ಸದರಿ ಕೂಲಿಕಾರರು ಗಿರಾಕಿಗಳ ಮುಂದೆ ಅಥವಾ ಹೊರಗಿನವರ ಮುಂದೆ ತಾವೇ ಮಾಲೀಕರೆಂದು ಹೇಳಿಕೊಳ್ಳತಕ್ಕದ್ದಲ್ಲ.

ಓದಿ ಮುಗಿಸಿದ ಮೇಲೆ ಅಧಿಕಾರಿ ತಲೆ ಎತ್ತದೆ, ಇದೆಲ್ಲ ನಿಮ್ಮ ಸ್ವಂತ ಒಪ್ಪಿಗೆಯಿಂದ ತಾನೆ ಅಂತ ಅಪ್ಪನನ್ನು ಕೇಳಿದರು. ಎಲ್ಲರನ್ನೂ ಕೇಳುವ ಪ್ರಶ್ನೆ. ಎಲ್ಲರೂ ಹೂಂ ಅನ್ನುವ ಪ್ರಶ್ನೆ. ಅಪ್ಪ ಹೂಂ ಅಂದ. ಸಹಿ ಹಾಕಲು ಪೆನ್ನು ಕೊಟ್ಟರು. ಉಗುರಿಲ್ಲದ ಬೆರಳಲ್ಲಿ ಪೆನ್ನು ಜಾರಿತು. ಬಗ್ಗಿ ಎತ್ತಿಕೊಂಡು, ಒರೆಸಿ, ಹಾಕಿದ. ಅಧಿಕಾರಿ ಅದೇ ಪ್ರಶ್ನೆಯನ್ನು ಅವ್ವನಿಗೆ ಕೇಳಿದರು.

"ಇಲ್ಲ," ಅಂದಳು ಅವ್ವ.

ಗುಮಾಸ್ತ ಅವಳಿಗೆ ಅರ್ಥವಾಗಿಲ್ಲ ಅಂದುಕೊಂಡ. ಕಿವುಡರಿಗೆ ಹೇಳುವ ಹಾಗೆ ಗಟ್ಟಿಯಾಗಿ, ಒಂದೊಂದೇ ಮಾತು ಬಿಡಿಸಿ, ಮತ್ತೆ ಕೇಳಿದ.

"ಕೇಳಿಸ್ತಪ್ಪ. ಒಪ್ಪಿಗೆ ಇಲ್ಲ ಅಂದೆ."

ಅಧಿಕಾರಿ ಕನ್ನಡಕ ಮೇಲಕ್ಕೆ ತಳ್ಳಿಕೊಂಡು ಅವ್ವನನ್ನು ಪೂರ್ತಿ ನೋಡಿದರು. ಫೈಲಪ್ಪ ನಡುವೆ ಬಂದ. ತಾಯಿ, ಎಲ್ಲ ಮಾತಾಗಿದೆಯಲ್ಲ, ಯಜಮಾನರು ಹಾಕಿದ್ದಾರಲ್ಲ, ನೀವೊಂದು ಹೆಬ್ಬೆಟ್ಟು ಒತ್ತಿದರೆ ಮುಗಿಯಿತು ಅಂದ. ಅವನು ನಿಂತದ್ದು ಅವ್ವನ ಎಡಕ್ಕೆ. ಅವ್ವ ಇಡೀ ಮೈ ತಿರುಗಿಸಿ ಅವನ ಎದುರಿಗೆ ನಿಂತಳು.

"ನಿಮ್ಮನೆ ಗುಂಡಿ ತುಂಬಿದಾಗ ಬೀದಿ ತುದೀಲಿ ನಿಂತು ನಮ್ಮ ಹೆಸರು ಕೂಗಿದ್ರಿ. ಇಡೀ ಬೀದಿಗೆ ಕೇಳೋ ಹಾಗೆ ಕೂಗಿದ್ರಿ. ಹೇಲಿಗೆ ಆಗ್ತಿದ್ದ ಹೆಸರು ಕಾಯಿಗೆ ಯಾಕಾಗಲ್ಲ?"

ಭಾವಮೈದುನ ಫೋನು ತೆಗೆದು ಸುಮ್ಮನೆ ನೋಡಿಕೊಂಡ. ಫೈಲಪ್ಪ ಇಷ್ಟು ದಿನ ಓಡಾಡಿದ್ದೆಲ್ಲ ದಂಡ ಅಂತ ಗೊಣಗಿದ. ಉಪಕಾರ ತಿಳಿಯದ ಜನ ಅಂತಲೂ ಅಂದ. ಅಧಿಕಾರಿ ಪತ್ರದ ಮೇಲೆ ಅಡ್ಡ ಗೆರೆ ಎಳೆದು ಪಕ್ಕಕ್ಕಿಟ್ಟು, ಮುಂದಿನವರು ಅಂದರು.

ದಾರಿಯುದ್ದಕ್ಕೂ ಅಪ್ಪ ಮುಂದೆ ಮುಂದೆ ನಡೆದ. ಊರ ಮುಂದೆ ತನ್ನ ಮಾನ ತೆಗೆದಳು ಅಂತ ಅವ್ವನ ಜೊತೆ ಮಾತು ಬಿಟ್ಟ. ಯಾವ ಮಾನ ಅಂತ ನಾನು ಕೇಳಬೇಕು ಅಂದುಕೊಂಡೆ. ಅವತ್ತು ಮಾತ್ರ ಬಾಯಿ ಮುಚ್ಚಿಕೊಂಡಿದ್ದೆ.

ಆಮೇಲಿನದ್ದೆಲ್ಲ ಅಕ್ಕನ ಕೆಲಸ. ಫೈಲಪ್ಪ ಮಾಡುವುದನ್ನು ನಾನೇ ಮಾಡುತ್ತೇನೆ, ಅವನೇನು ಆಕಾಶದಿಂದ ಇಳಿದವನಾ ಅಂದಳು. ಕಚೇರಿಯಲ್ಲಿ ಒಂದು ಕಿಟಕಿಯವನು ಇನ್ನೊಂದು ಕಿಟಕಿ ತೋರಿಸಿದ, ಅವನು ಮೊದಲಿನ ಕಿಟಕಿಗೇ ಕಳಿಸಿದ. ಸಾಹೇಬರು ಊಟಕ್ಕೆ ಹೋಗಿದ್ದಾರೆ, ಸರ್ವರ್ ಕೆಟ್ಟಿದೆ, ನಾಳೆ ಬಾ. ಅವಳ ಚಪ್ಪಲಿ ಸವೆದು ಹಿಮ್ಮಡಿ ನೆಲಕ್ಕೆ ತಾಗುತ್ತಿತ್ತು. ನಾನು ಶೆಡ್ಡಿಗೆ ಸುಣ್ಣ ಹೊಡೆದೆ, ಕಿಟಕಿಗೆ ಜಾಲರಿ ಹೊಡೆದೆ, ನೆಲಕ್ಕೆ ಸಿಮೆಂಟು ಹಾಕಿದೆ. ಪ್ಯಾಕಿಂಗ್ ಲೈಸೆನ್ಸಿನ ತಪಾಸಣೆಗೆ ಬಂದವನು ಬೇಲಿಯ ಹತ್ತಿರವೇ ಮೂಗಿಗೆ ಕರವಸ್ತ್ರ ಹಿಡಿದ. ಅಲ್ಲಿ ಅರಳಿದ್ದು ಸೋರೆಯ ಹೂವು ಮಾತ್ರ. ಕೈ ಎಲ್ಲಿ ತೊಳೆಯುತ್ತೀರಿ ಅಂತ ಕೇಳಿದ. ತೋರಿಸಿದೆವು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದ. ನನ್ನ ಬಾಯಿಗೆ ಬಂದದ್ದನ್ನು ಅಕ್ಕ ಕಣ್ಣಲ್ಲೇ ತಡೆದಳು. ಅವನ ಸಹಿ ಬೇಕಿತ್ತಲ್ಲ.

ಸಂಸ್ಥೆಯ ಹೆಸರಿನ ಜಾಗದಲ್ಲಿ ಅಕ್ಕ ಗುಂಡಿಯವರ ತೋಟ ಅಂತ ಬರೆದಳು. ಕಿಟಕಿಯಲ್ಲಿದ್ದವನು, ನಿನ್ನ ಒಳ್ಳೆಯದಕ್ಕೇ ಹೇಳುತ್ತೇನೆ, ಹೂವಿನ ಹೆಸರೋ ಏನೋ ಇಡು ಅಂದನಂತೆ. ಬೇರೆ ಹೆಸರಿಟ್ಟರೆ ಒಂದಲ್ಲ ಒಂದು ದಿನ ಗೊತ್ತಾಗುತ್ತದೆ, ಆಗ ಮೋಸ ಮಾಡಿದರು ಅನ್ನುತ್ತಾರೆ, ಇದೇ ಇರಲಿ ಅಂದಳಂತೆ ಇವಳು. ನಾಲ್ಕು ಜನ, ನಾಲ್ಕೂ ಸಮಪಾಲು. ಅಪ್ಪನನ್ನು ಸಹಿ ಹಾಕಿಸಲು ಕರೆದುಕೊಂಡು ಹೋದಾಗ ತಡಮಾಡದೆ ಹಾಕಿದ.

ಎಲ್ಲ ಸರಿಯಾಗಿದ್ದ ಕಾಗದ ಹಿಡಿದುಕೊಂಡು ನಾನೂ ಅಕ್ಕನೂ ಗಾಜಿನ ಬಾಗಿಲಿನ ಅಂಗಡಿಗೆ ಹೋದೆವು. ಮ್ಯಾನೇಜರು ಪುಟ ತಿರುವಿ ನೋಡಿದ. ಎಲ್ಲಾ ಕರೆಕ್ಟಾಗಿದೆ ಅಂದ. ಸಂಸ್ಥೆಯ ಹೆಸರಿನ ಮೇಲೆ ಬೆರಳಿಟ್ಟು ಓದಿದ. ಆಮೇಲೆ, ಆರ್ಡರು ಬೇರೆಯವರಿಗೆ ಹೋಗಿದೆ, ತಡಮಾಡಿಬಿಟ್ಟಿರಿ ಅಂದ. ಅವನ ಹಿಂದೆ ತಣ್ಣನೆ ಗಾಳಿಯ ಕಪಾಟಿನಲ್ಲಿ ಭಾವಮೈದುನನ ಹಸಿರು ಸಿರಿ ಪ್ಯಾಕೆಟ್ಟುಗಳು ಸಾಲಾಗಿದ್ದವು, ಒಳಗೆ ಬೇರೆ ಎಲ್ಲಿಂದಲೋ ತರಿಸಿದ ಕಾಯಿ. ಸೋರೆ ಸೊಟ್ಟಗಿದ್ದವು, ತೊಟ್ಟು ಕಪ್ಪಾಗಿತ್ತು. ಯಾರೋ ಎತ್ತಿ ಬುಟ್ಟಿಗೆ ಹಾಕಿಕೊಳ್ಳುತ್ತಿದ್ದರು.

ನಮ್ಮ ಕಾಯಿ ಬಳ್ಳಿಯಲ್ಲೇ ಬಲಿತು ಮರದ ಹಾಗಾದವು. ಆದರೂ ಬೋರ್ಡು ಬರೆಸಿದೆವು. ರಸ್ತೆಗೆ ಕಾಣುವ ಹಾಗೆ ನಾನೇ ಕಂಬ ನೆಟ್ಟು ಹಾಕಿದೆ. ಗುಂಡಿಯವರ ತೋಟ, ತಾಜಾ ಸೋರೆ, ಸೌತೆ, ಕುಂಬಳ, ನೋಂದಾಯಿತ ಸಂಸ್ಥೆ. ಕೆಳಗೆ ನನ್ನ ಫೋನ್ ನಂಬರು.

ಮೊದಲ ಫೋನು ಬಂದಾಗ ನಾವು ಶೆಡ್ಡಿನಲ್ಲಿ ಬುಟ್ಟಿ ಹೆಣೆಯುತ್ತಿದ್ದೆವು. ಎದ್ದುಬಿದ್ದು ತೆಗೆದೆ. ಎಲ್ಲರಿಗೂ ಕೇಳಲಿ ಅಂತ ಸ್ಪೀಕರಿಗೆ ಹಾಕಿದೆ. ದೊಡ್ಡ ಮನುಷ್ಯನ ಗಂಟಲು.

"ಬೋರ್ಡು ನೋಡ್ದೆ. ನಮ್ಮನೆ ಗುಂಡಿ ಉಕ್ತಾ ಇದೆ. ಸಂದಿಗೆ ಮಿಷನ್ ಲಾರಿ ಬರಲ್ಲ. ಯಾರನ್ನಾದ್ರೂ ಕಳಿಸು."

ನನ್ನ ಹತ್ತಿರ ಬೈಗುಳ ತಯಾರಿತ್ತು. ತಾತನ ಕಾಲದ್ದೂ ಸೇರಿಸಿ ಬೈಯುವಷ್ಟಿತ್ತು. ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಎದ್ದು ಬಂದು ಫೋನು ಇಸಕೊಂಡ. ಹೂಂ ಅಂದುಬಿಡುತ್ತಾನೆ ಅಂದುಕೊಂಡೆ. ಅಕ್ಕ ಬುಟ್ಟಿ ಕೆಳಗಿಟ್ಟಳು. ಅಪ್ಪ ಸ್ಪೀಕರು ಆರಿಸಲು ಗೊತ್ತಾಗದೆ ಫೋನನ್ನು ಹಾಗೇ ಕಿವಿಗೆ ಒತ್ತಿಕೊಂಡ.

"ಇದು ತರಕಾರಿ ಕಂಪನಿ ಸಾರ್. ಸೋರೆ ಇದೆ, ಸೌತೆ ಇದೆ. ಎಷ್ಟು ಬೇಕು?"

ಆ ಕಡೆಯವನು ತರಕಾರಿ ಯಾರು ಕೇಳಿದರು ಅಂದ. ಗುಂಡಿಯವರು ಅಂತ ದೊಡ್ಡದಾಗಿ ಬರೆದುಕೊಂಡು ಈಗ ನಾಟಕವಾ ಅಂದ. ಹಾಗಾದರೆ ನಮ್ಮ ಗುಂಡಿಗೆ ಯಾರಯ್ಯ ಇಳಿಯುತ್ತಾರೆ ಅಂತ ಶುರುಮಾಡಿದ. ಅಪ್ಪ ಕಿವಿಯಿಂದ ಫೋನು ತೆಗೆದು, ಕೆಂಪು ಗುರುತು ಹುಡುಕಿ, ಒತ್ತಿದ. ಮಾತು ಅರ್ಧಕ್ಕೆ ನಿಂತಿತು. ದೊಡ್ಡವರ ಮಾತನ್ನು ಅಪ್ಪ ಅರ್ಧಕ್ಕೆ ಕತ್ತರಿಸಿದ್ದನ್ನು ನಾನು ಅಲ್ಲಿಯ ತನಕ ನೋಡಿರಲಿಲ್ಲ.

"ಯಾರು ಇಳೀತಾರೆ ಅಂತಾನೆ," ಅಂದ ಅವ್ವನಿಗೆ. ಮಾತು ಬಿಟ್ಟಮೇಲೆ ಅವಳಿಗೆ ಹೇಳಿದ ಮೊದಲ ಮಾತು.

"ಯೋಚನೆ ಮಾಡ್ಲಿ ಬಿಡು," ಅಂದಳು ಅವ್ವ. "ಓದಿದವರು."

ಅದಾದ ಮೇಲೆ ತುಂಬಾ ಫೋನುಗಳು ಬಂದಿವೆ. ಎಲ್ಲಾ ಗುಂಡಿಗೇ. ಈಗ ಅಪ್ಪನೇ ತೆಗೆಯುತ್ತಾನೆ, ಎಷ್ಟು ಕಾಯಿ ಬೇಕು ಅಂತ ಕೇಳುತ್ತಾನೆ, ಆಮೇಲೆ ಕೆಂಪು ಗುರುತು ಒತ್ತುತ್ತಾನೆ. ಸೋರೆ ಕೇಳಿ ಇನ್ನೂ ಯಾರೂ ಮಾಡಿಲ್ಲ. ನಂಬರು ಬೋರ್ಡಿನ ಮೇಲೆ ಇದೆ.